ಎಷ್ಟು ಜಾಸ್ತಿ? ಎಷ್ಟು ಪಟ್ಟು?: ಚಳ್ಳಕೆರೆ, ಮೊಳಕಾಲ್ಮೂರಿನ ತರಗತಿಗಳಲ್ಲಿ ಅನುಪಾತದ ಪಾಠ

ಆರನೇ ತರಗತಿಯ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದಿದ್ದೆ. ಎರಡು ಲೋಟ ಅಕ್ಕಿಗೆ ಐದು ಲೋಟ ನೀರು ಬೇಕು. ನಾಲ್ಕು ಲೋಟ ಅಕ್ಕಿಗೆ ಎಷ್ಟು ಬೇಕು? ಅರ್ಧಕ್ಕಿಂತ ಹೆಚ್ಚು ಮಕ್ಕಳು ಏಳು ಅಂತ ಬರೆದರು. ಅವರಲ್ಲಿ ಒಬ್ಬಳು ಅಮ್ಮ ಕೂಲಿಗೆ ಹೋದ ದಿನ ಮನೆಯಲ್ಲಿ ತಾನೇ ಅನ್ನ ಮಾಡುವ ಹುಡುಗಿ. ಅವಳ ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ, 'ಮನೇಲಿ ನಾಲ್ಕು ಲೋಟ ಅಕ್ಕಿ ಇಟ್ಟರೆ ಎಷ್ಟು ನೀರು ಹಾಕ್ತೀಯಮ್ಮ?'

'ಹತ್ತು ಮಿಸ್. ಏಳು ಹಾಕಿದ್ರೆ ಅಕ್ಕಿ ಹಂಗೇ ಇರ್ತೈತೆ, ತಳ ಹತ್ತುತ್ತೆ.'

'ಮತ್ತೆ ಇಲ್ಲಿ ಏಳು ಅಂತ ಬರ್ದಿದೀಯಲ್ಲ?'

'ಇದು ಲೆಕ್ಕ ಅಲ್ವಾ ಮಿಸ್.'

ನಾನು ಗಣಿತ ಹೇಳಿಕೊಡೋ ಮೇಡಂ. ಮೊದಲು ಮೊಳಕಾಲ್ಮೂರು ತಾಲೂಕಿನಲ್ಲಿ, ಈಗ ಚಳ್ಳಕೆರೆ ತಾಲೂಕಿನಲ್ಲಿ. ಆ ಹುಡುಗಿಯ ಮಾತು ಕೇಳಿದ ಮೇಲೆ ಅನುಪಾತದ ಪಾಠವನ್ನು ನಾನು ಹಳೆಯ ರೀತಿ ಮಾಡಿಲ್ಲ. ಅವಳಿಗೆ ಅನುಪಾತ ಗೊತ್ತಿತ್ತು. ಅದನ್ನ ಶಾಲೆಗೆ ತರಬಹುದು ಅನ್ನೋದು ಗೊತ್ತಿರಲಿಲ್ಲ. ತರೋಕೆ ನಾನು ಬಾಗಿಲು ತೆಗೆದಿರಲಿಲ್ಲ ಅಂದರೂ ಸರಿ.

ಮೊದಲು ಆ 'ಏಳು' ಎಲ್ಲಿಂದ ಬಂತು ನೋಡೋಣ. ಎರಡು ನಾಲ್ಕಾಗಿದೆ, ಅಂದರೆ ಎರಡು ಜಾಸ್ತಿ. ಹಾಗಾಗಿ ಐದಕ್ಕೂ ಎರಡು ಸೇರಿಸಿದರು, ಏಳು. ಮಗು ಎಣಿಸುವುದನ್ನು ಕಲಿತ ದಿನದಿಂದ ನಾಲ್ಕನೇ ತರಗತಿಯವರೆಗೂ ಈ ದಾರಿ ಅದಕ್ಕೆ ಮೋಸ ಮಾಡಿರೋದಿಲ್ಲ. ಕೂಡು, ಕಳೆ, ಎಷ್ಟು ಹೆಚ್ಚು, ಎಷ್ಟು ಕಡಿಮೆ. ಅನುಪಾತದಲ್ಲಿ ಮೊದಲ ಬಾರಿಗೆ ಆ ದಾರಿ ಕೈ ಕೊಡುತ್ತೆ. ಇಲ್ಲಿ 'ಎಷ್ಟು ಜಾಸ್ತಿ' ಅಂತ ಕೇಳಬಾರದು, 'ಎಷ್ಟು ಪಟ್ಟು' ಅಂತ ಕೇಳಬೇಕು. ಕೂಡುವ ಯೋಚನೆಯಿಂದ ಗುಣಿಸುವ ಯೋಚನೆಗೆ ದಾಟುವ ಈ ಜಾಗ ಪ್ರಾಥಮಿಕ ಗಣಿತದಲ್ಲೇ ಅತಿ ಕಷ್ಟದ ಜಾಗಗಳಲ್ಲಿ ಒಂದು. ಜಗತ್ತಿನ ಎಲ್ಲ ಕಡೆಯ ಮಕ್ಕಳೂ ಇಲ್ಲಿ ಇದೇ ತಪ್ಪು ಮಾಡ್ತಾರೆ. 'ನಮ್ಮ ಕಡೆಯ ಮಕ್ಕಳು ಗಣಿತದಲ್ಲಿ ವೀಕು' ಅನ್ನೋರು ಇದನ್ನ ಗಮನಿಸಬೇಕು.

ಬೀದಿಯ ಲೆಕ್ಕಕ್ಕೂ ಶಾಲೆಯ ಲೆಕ್ಕಕ್ಕೂ ನಡುವೆ ಇರುವ ಗೋಡೆಯೂ ಹೊಸದೇನಲ್ಲ. 1985ರಲ್ಲಿ ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿಬದಿ ತೆಂಗಿನಕಾಯಿ, ಹಣ್ಣು ಮಾರುತ್ತಿದ್ದ ಐದು ಮಕ್ಕಳ ಜೊತೆ ಮೂವರು ಸಂಶೋಧಕರು ಮಾಡಿದ ಕೆಲಸ ಬಹಳ ಹೆಸರುವಾಸಿ. ಗಿರಾಕಿಯ ಹಾಗೆ ಕೇಳಿದಾಗ ಆ ಮಕ್ಕಳು ನೂರಕ್ಕೆ 98ರಷ್ಟು ಸರಿ ಉತ್ತರ ಕೊಟ್ಟರು. ಅವೇ ಲೆಕ್ಕಗಳನ್ನು ಕಾಗದದ ಮೇಲೆ ಬರೀ ಅಂಕಿಯಾಗಿ ಕೊಟ್ಟಾಗ ಸರಿ ಉತ್ತರ ನೂರಕ್ಕೆ 37ಕ್ಕೆ ಇಳಿಯಿತು. ಅಷ್ಟು ದೂರ ಯಾಕೆ, 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತವರ ಜೊತೆಗಾರರು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಬಗ್ಗೆಯೇ ಇದೆ. ವ್ಯಾಪಾರದ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುವ ಮಕ್ಕಳು ಪಠ್ಯದ ಲೆಕ್ಕದಲ್ಲಿ ತಡವರಿಸಿದರು. ಬರೀ ಶಾಲೆಗೆ ಹೋಗುವ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಅಂದರೆ ಗೋಡೆಯ ಎರಡೂ ಕಡೆ ಮಕ್ಕಳು ಸಿಕ್ಕಿಕೊಂಡಿದ್ದಾರೆ.

ಈಗ ನಮ್ಮ ತರಗತಿ. 'ವಿವಿಧ ಕಲಿಕಾ ಅಗತ್ಯಗಳ ಮಕ್ಕಳು' ಅಂತ ತರಬೇತಿಗಳಲ್ಲಿ ಒಂದೇ ಉಸಿರಲ್ಲಿ ಹೇಳಿಬಿಡ್ತಾರೆ. ಬೆಂಚಿನ ಮೇಲೆ ಕೂತಾಗ ಅವರು ಒಂದೇ ಥರ ಇರೋದಿಲ್ಲ. ಈ ಎರಡು ತಾಲೂಕಿನ ನನ್ನ ತರಗತಿಗಳಲ್ಲಿ ಒಬ್ಬ ಹುಡುಗನಿಗೆ ದೃಷ್ಟಿ ತೀರಾ ಮಂದ. ಒಬ್ಬ ಹುಡುಗಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಒಬ್ಬ 15 ಬರೆಯೋ ಕಡೆ 51 ಬರೆಯುತ್ತಿದ್ದ. ಇನ್ನೊಬ್ಬ ಅಪ್ಪನ ಜೊತೆ ಕುರಿ ಹೊಡಕೊಂಡು ತಿಂಗಳುಗಟ್ಟಲೆ ವಲಸೆ ಹೋಗಿ ಪರೀಕ್ಷೆಗೆ ಮುಂಚೆ ವಾಪಸ್ ಬರುತ್ತಿದ್ದ. ಒಬ್ಬಳು ಹೇಳಿಕೊಡೋ ಮೊದಲೇ ಮುಗಿಸಿ ಕಿಟಕಿ ನೋಡುತ್ತಾ ಕೂರುವವಳು. ಇವರ ಜೊತೆಗೆ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು. ಆಂಧ್ರದ ಗಡಿ ಇಲ್ಲಿಂದ ಕೂಗಳತೆ. ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳ ಅಡುಗೆಮನೆ ಭಾಷೆ ತೆಲುಗೇ.

ಭಾಷೆಯ ತೊಡಕು ಎಷ್ಟು ಸಣ್ಣ ಜಾಗದಲ್ಲಿ ಅಡಗಿರುತ್ತೆ ನೋಡಿ. ಮೊಳಕಾಲ್ಮೂರಿನ ಕಡೆ ಪಾಠ ಮಾಡುವಾಗ ನಾನು 'ಮೂರು ಪಟ್ಟು' ಅಂದರೆ ಒಂದಷ್ಟು ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ತೆಲುಗಿನಲ್ಲಿ ಪಟ್ಟು ಅಂದರೆ ರೇಷ್ಮೆ. ರೇಷ್ಮೆ ಸೀರೆ ನೇಯುವ ಊರಿನ ಮಗುವಿಗೆ 'ಮೂರು ಪಟ್ಟು' ಅಂದರೆ ಏನು ಕೇಳಿಸಿರಬೇಕು! ಸರಿ, ಬೇರೆ ಪದ ಬಳಸೋಣ ಅಂತ 'ಎರಡು ಪಾಲು ನೀರು' ಅಂದೆ. ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ತೆಲುಗಿನಲ್ಲಿ ಪಾಲು ಅಂದರೆ ಹಾಲೂ ಹೌದು. ಎರಡು ಹಾಲು ನೀರು. ಕೊನೆಗೆ ಒಬ್ಬ ಹುಡುಗನೇ ಎದ್ದು ನಿಂತು, 'ಮಿಸ್, ಮೂಡು ರೆಟ್ಲು ಅಂತಾ ಹೇಳ್ತಿದೀರಾ?' ಅಂದ. ಹೌದಪ್ಪ, ಅದನ್ನೇ. ಅವತ್ತಿನಿಂದ ಬೋರ್ಡಿನ ಮೂಲೆಯಲ್ಲಿ 'ಪಟ್ಟು = ರೆಟ್ಲು' ಅಂತ ಬರೆದಿಟ್ಟೆ. ಅದಕ್ಕೆ ಖರ್ಚಾಗಿದ್ದು ಅರ್ಧ ಸೀಮೆಸುಣ್ಣ.

ಇಷ್ಟು ವರ್ಷ ನಾನು ಮಾಡುತ್ತಿದ್ದದ್ದನ್ನೂ ಹೇಳಬೇಕು. ಪುಸ್ತಕದಲ್ಲಿ 'ಅನುಪಾತ ಮತ್ತು ಸಮಾನುಪಾತ' ಅಂತ ಅಧ್ಯಾಯ. ಮೊದಲ ದಿನ ವ್ಯಾಖ್ಯೆ, ಎರಡನೇ ದಿನ ಚಿಹ್ನೆ, ಮೂರನೇ ದಿನ ಅಡ್ಡ ಗುಣಾಕಾರ. ಗೊತ್ತಿರುವ ಮೂರು ಸಂಖ್ಯೆ ಇಟ್ಟುಕೊಂಡು ನಾಲ್ಕನೆಯದನ್ನು ಹಿಡಿಯೋದು. ನಮ್ಮ ತಾತಂದಿರು ಇದನ್ನ ತ್ರೈರಾಶಿ ಅನ್ನುತ್ತಿದ್ದರು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನ 'ಗಣಿತಸಾರಸಂಗ್ರಹ'ದಲ್ಲಿ ಇದಕ್ಕೆ ಒಂದು ಅಧ್ಯಾಯವೇ ಇದೆ. 12ನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ ಗಣಿತ ಬರೆದು, ಪುಸ್ತಕಕ್ಕೆ ಇಟ್ಟ ಹೆಸರು 'ವ್ಯವಹಾರಗಣಿತ'. ಹೆಸರೇ ಹೇಳುತ್ತೆ, ಅದು ವ್ಯವಹಾರಕ್ಕೆ ಹುಟ್ಟಿದ ವಿದ್ಯೆ. ನಾನು ವ್ಯವಹಾರ ಬಿಟ್ಟು ಸೂತ್ರ ಮಾತ್ರ ಕೊಡುತ್ತಿದ್ದೆ. ಮಕ್ಕಳು ಕಿರುಪರೀಕ್ಷೆಯಲ್ಲಿ ಅಡ್ಡಡ್ಡ ಗುಣಿಸಿ ಅಂಕ ತೆಗೀತಿದ್ದರು. ತಿಂಗಳಾದ ಮೇಲೆ ಕೇಳಿದರೆ ಯಾವುದನ್ನ ಯಾವುದರಿಂದ ಗುಣಿಸಬೇಕು ಅನ್ನೋದೇ ಮರೆತಿರೋದು. ಯಾಕೆ ಗುಣಿಸಬೇಕು ಅನ್ನೋದು ಅವರಿಗೆ ಮೊದಲೂ ಗೊತ್ತಿರಲಿಲ್ಲ, ಹಾಗಾಗಿ ಮರೆಯೋಕೂ ಅವಕಾಶ ಇರಲಿಲ್ಲ.

ಹಾಲು ಪಾಯಸ ಆದ ದಿನ

ನಮ್ಮ ಶಾಲೆಗಳಲ್ಲಿ ಅನುಪಾತದ ಅತ್ಯುತ್ತಮ ಪ್ರಯೋಗಾಲಯ ಬಿಸಿಯೂಟದ ಅಡುಗೆಮನೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿಲಿ ಲೀಟರ್ ಹಾಲು. ಅಡುಗೆ ಅಕ್ಕ ದಿನಾ ಬೆಳಗ್ಗೆ ಹಾಜರಿ ಕೇಳಿಕೊಂಡು ಹೋಗಿ ಲೆಕ್ಕ ಹಾಕ್ತಾರೆ. 40 ಮಕ್ಕಳಾದರೆ 720 ಗ್ರಾಂ ಪುಡಿ, ಆರು ಲೀಟರ್ ನೀರು. ಅವರು ಅಡ್ಡ ಗುಣಾಕಾರ ಮಾಡೋದಿಲ್ಲ. 'ಹತ್ತು ಮಕ್ಕಳಿಗೆ ಒಂದೂವರೆ ಲೀಟರ್, ಹತ್ತರ ನಾಲ್ಕು' ಅಂತಾರೆ, ಅಷ್ಟೇ.

ಒಂದು ದಿನ ಎರಡು ಪಾತ್ರೆ ಇಟ್ಟೆವು. ಎರಡರಲ್ಲೂ ನಾಲ್ಕು ಮಕ್ಕಳಿಗೆ ಬೇಕಾದ 72 ಗ್ರಾಂ ಪುಡಿ. ಮೊದಲನೆಯದಕ್ಕೆ 600 ಮಿಲಿ ಲೀಟರ್ ಬಿಸಿನೀರು. ಎರಡನೆಯದಕ್ಕೆ ಮಕ್ಕಳ 'ಏಳು ಲೋಟ'ದ ತರ್ಕವನ್ನೇ ಬಳಸಿದೆ. ಪುಡಿ 18ರಿಂದ 72 ಆಯ್ತು, 54 ಜಾಸ್ತಿ. ಹಾಗಾದರೆ ನೀರಿಗೂ 54 ಸೇರಿಸೋಣ, 150ಕ್ಕೆ 54 ಕೂಡಿದರೆ 204. ಕಲಸಿ ಎಲ್ಲರಿಗೂ ಒಂದೊಂದು ಚಮಚ ಕೊಟ್ಟೆ. 'ಇದು ಪಾಯಸ ಆಗೈತೆ ಮಿಸ್!'

ಆ ಒಂದು ಚಮಚ ದೃಷ್ಟಿ ಮಂದವಾದ ಹುಡುಗನಿಗೂ ಸಿಕ್ಕಿತು, ಕಿವಿ ಕೇಳದ ಹುಡುಗಿಗೂ ಸಿಕ್ಕಿತು, ಮನೆಯಲ್ಲಿ ತೆಲುಗು ಮಾತಾಡುವವರಿಗೂ ಸಿಕ್ಕಿತು. ನಾಲಿಗೆಗೆ ಮಾಧ್ಯಮದ ಸಮಸ್ಯೆ ಇಲ್ಲ. ಆಮೇಲೆ ಅಡುಗೆ ಅಕ್ಕ ಕೇಳಿದ ಪ್ರಶ್ನೆ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. 'ಮೇಡಂ, ಇದನ್ನ ಚೆಲ್ಲೋಕಾಗುತ್ತಾ? ಇನ್ನೆಷ್ಟು ನೀರು ಹಾಕಿದ್ರೆ ಸರಿ ಹೋಗುತ್ತೆ, ಮಕ್ಕಳನ್ನೇ ಕೇಳಿ.' 396 ಮಿಲಿ ಲೀಟರ್ ಅನ್ನೋ ಉತ್ತರಕ್ಕೆ ತರಗತಿ ಹತ್ತು ನಿಮಿಷ ತಗೊಂಡಿತು. ಹಾಕಿದೆವು, ಕುಡಿದೆವು.

ಇದಾದ ಮೇಲೆಯೇ ಕಾಗದಕ್ಕೆ ಬಂದದ್ದು. ಕಾಗದದ ಮೇಲೂ ಮೊದಲು ಚಿಹ್ನೆ ಇಲ್ಲ. ನಾವು ಅದನ್ನ ಏಣಿ ಅಂತ ಕರೀತೀವಿ. ಎರಡು ಉದ್ದ ಗೆರೆ, ನಡುವೆ ಮೆಟ್ಟಿಲು. ಎಡಗಡೆ ಮಕ್ಕಳ ಸಂಖ್ಯೆ, ಬಲಗಡೆ ನೀರು. 1ಕ್ಕೆ 150, 2ಕ್ಕೆ 300, 4ಕ್ಕೆ 600, 10ಕ್ಕೆ 1500. ಕೆಲವರು ಎರಡೆರಡು ಪಟ್ಟು ಮಾಡುತ್ತಾ ಹತ್ತುತ್ತಾರೆ. ಕೆಲವರು ಕೆಳಗಿಳಿದು 'ಒಂದಕ್ಕೆ ಎಷ್ಟು' ಅಂತ ಹಿಡಿದು ಒಂದೇ ನೆಗೆತಕ್ಕೆ ಮೇಲೆ ಹೋಗ್ತಾರೆ. ಇನ್ನು ಕೆಲವರು ಮೆಟ್ಟಿಲು ಮೆಟ್ಟಿಲಾಗಿ ಕೂಡಿಕೊಂಡೇ ಹತ್ತುತ್ತಾರೆ. ಅದೂ ಸರಿ, ಎರಡೂ ಕಡೆ ಅವರವರ ಮೆಟ್ಟಿಲನ್ನೇ ಕೂಡ್ತಿದ್ದಾರಲ್ಲ. ಏಳು ಲೋಟದ ತಪ್ಪು ಅದಲ್ಲ. ಹಲವು ದಾರಿಗಳಿಗೆ ಒಂದೇ ಏಣಿಯಲ್ಲಿ ಜಾಗ ಇರೋದರಿಂದ ಬೇರೆ ಬೇರೆ ವೇಗದ ಮಕ್ಕಳು ಒಂದೇ ಪುಟದಲ್ಲಿ ಕೆಲಸ ಮಾಡಬಹುದು. ಅಡ್ಡ ಗುಣಾಕಾರ ಎರಡು ವಾರ ತಡವಾಗಿ ಬಂತು. ಬಂದಾಗ ಒಬ್ಬಳು 'ಇದು ಏಣಿಯನ್ನೇ ಅವಸರದಲ್ಲಿ ಹತ್ತಿದಂಗೆ ಐತೆ' ಅಂದಳು. ಇದಕ್ಕಿಂತ ಚೆನ್ನಾದ ವಿವರಣೆ ನನಗೆ ಯಾವ ತರಬೇತಿಯಲ್ಲೂ ಸಿಕ್ಕಿರಲಿಲ್ಲ.

ದೃಷ್ಟಿ ಮಂದವಾದ ಹುಡುಗನಿಗೆ ಏಣಿ ಕಾಣೋದಿಲ್ಲ. ರಟ್ಟಿನ ಉದ್ದ ಪಟ್ಟಿ ಕತ್ತರಿಸಿ ಅದರ ಮೇಲೆ ಹುಣಸೆಬೀಜ ಅಂಟಿಸಿದೆ. ಮೇಲಿನ ಸಾಲಿನಲ್ಲಿ ಎರಡು, ಕೆಳಗಿನ ಸಾಲಿನಲ್ಲಿ ಐದು, ಆಮೇಲೆ ಅಡ್ಡಕ್ಕೆ ಒಂದು ದಾರ. ಮತ್ತೆ ಎರಡು, ಐದು, ದಾರ. ಅವನು ಬೆರಳಾಡಿಸಿಕೊಂಡು ಹೋಗಿ 'ಮೇಲೆ ನಾಲ್ಕು ಆಗೋಷ್ಟರಲ್ಲಿ ಕೆಳಗೆ ಹತ್ತು' ಅಂತಾನೆ. ತಮಾಷೆ ಅಂದರೆ ಮಾರನೇ ದಿನ ಕಣ್ಣು ಚೆನ್ನಾಗಿರೋ ಆರೇಳು ಮಕ್ಕಳು 'ನಮಗೂ ಅಂಥದ್ದು ಕೊಡಿ ಮಿಸ್' ಅಂತ ಬಂದರು. ಒಬ್ಬನಿಗೆ ಅಂತ ಮಾಡಿದ ಅನುಕೂಲ ಆರು ಜನಕ್ಕೆ ಬೇಕಾಗಿತ್ತು, ಕೇಳಿರಲಿಲ್ಲ ಅಷ್ಟೇ.

15ನ್ನ 51 ಮಾಡುವ ಹುಡುಗನ ವಿಷಯ ಬೇರೆ. ಅನುಪಾತದಲ್ಲಿ ಕ್ರಮವೇ ಜೀವ. 2:5 ಅಂದರೆ ಅನ್ನ, 5:2 ಅಂದರೆ ಸೀದ ಅಕ್ಕಿ. ಅವನಿಗೆ ಅಂಕಿಯ ಕೆಳಗೆ ಪದ ಬರೆಯೋದು ಕಡ್ಡಾಯ ಮಾಡಿದೆ, 'ಅಕ್ಕಿ : ನೀರು'. ಅಕ್ಕಿಗೆ ಒಂದು ಬಣ್ಣ, ನೀರಿಗೆ ಇನ್ನೊಂದು. ಜೊತೆಗೆ ಮಗ್ಗಿ ಚಾರ್ಟ್ ಪಕ್ಕದಲ್ಲೇ. ಮಗ್ಗಿ ನೋಡಿಕೊಂಡು ಮಾಡಿದರೆ ಅದೇನು ಕಲಿಕೆ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ನಾನು ಅವತ್ತು ಪರೀಕ್ಷಿಸುತ್ತಿದ್ದದ್ದು ಎಂಟನೇ ಮಗ್ಗಿಯನ್ನಲ್ಲ, ಎಷ್ಟು ಪಟ್ಟು ಅನ್ನೋ ಯೋಚನೆಯನ್ನ. ಕನ್ನಡಕ ಹಾಕಿಕೊಂಡು ಓದಿದರೆ ಅದೇನು ಓದು ಅಂತ ಯಾರೂ ಕೇಳೋದಿಲ್ಲವಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಅದರ ವಿವರಣೆಯಲ್ಲಿ ಡಿಸ್‌ಲೆಕ್ಸಿಯಾ ಜೊತೆಗೆ ಡಿಸ್‌ಕ್ಯಾಲ್ಕುಲಿಯಾ, ಅಂದರೆ ಸಂಖ್ಯೆಗಳ ಜೊತೆಗಿನ ತೊಡಕೂ ಇದೆ. ಈ ಹುಡುಗನಿಗೆ ಇರೋದು ಅದೇನಾ? ಅದನ್ನ ಹೇಳೋ ಅರ್ಹತೆ ನನಗಿಲ್ಲ, ಪರೀಕ್ಷೆ ಮಾಡಿ ಹೇಳುವವರು ಬೇಕು. ಅವರ ವಿಷಯಕ್ಕೆ ಆಮೇಲೆ ಬರ್ತೀನಿ.

ನವಿಲಿನ ಕತ್ತು, ಕುರಿಯ ಮೇವು

ಕಿವಿ ಕೇಳದ ಹುಡುಗಿ ಮೊಳಕಾಲ್ಮೂರಿನ ನೇಕಾರರ ಮನೆಯವಳು. ಮೊಳಕಾಲ್ಮೂರು ಸೀರೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಇದೆ, ಹೆಸರು ದೊಡ್ಡದು. ಅವಳ ಮನೆಯಲ್ಲಿ ಇದ್ದದ್ದು ಒಂದು ಗುಣಿಮಗ್ಗ. ನಾನು ಬಾಯಲ್ಲಿ ಹೇಳುವ ಲೆಕ್ಕಗಳೆಲ್ಲ ಅವಳ ಪಾಲಿಗೆ ಅರ್ಧಂಬರ್ಧ. ಆದರೆ ವಿನ್ಯಾಸವನ್ನ ಚೌಕಳಿ ಹಾಳೆಯ ಮೇಲೆ ಬರೆಯೋದನ್ನ ಚಿಕ್ಕಂದಿನಿಂದ ನೋಡಿದವಳು. ಒಂದು ದಿನ ಚೌಕಳಿ ಹಾಳೆಯಲ್ಲಿ 12 ಮನೆ ಅಗಲ, 8 ಮನೆ ಎತ್ತರದ ನವಿಲು ಬರೆದು, ಅಗಲ 18 ಮಾಡಿದರೆ ಎತ್ತರ ಎಷ್ಟು ಅಂತ ಕೊಟ್ಟೆ. ಆರು ಹೆಚ್ಚಾಯ್ತು ಅಂತ ಎತ್ತರಕ್ಕೂ ಆರು ಕೂಡಿಸಿ 14 ಮಾಡಿದವರ ನವಿಲಿಗೆ ಒಂಟೆಯ ಕತ್ತು ಬಂತು. ಅವಳು ಅದನ್ನ ನೋಡಿ ನಕ್ಕು, ತನ್ನ ಹಾಳೆ ತಿರುಗಿಸಿ ತೋರಿಸಿದಳು. 12 ಮನೆ, ಸರಿಯಾದ ನವಿಲು. ಅವತ್ತು ಇಡೀ ತರಗತಿ ಅವಳ ಸುತ್ತ ನಿಂತಿತ್ತು. ಅಲ್ಲಿಯವರೆಗೆ ಅವಳು 'ನಿಧಾನ ಕಲಿಕೆ'ಯ ಪಟ್ಟಿಯಲ್ಲಿದ್ದಳು. ಪಟ್ಟಿ ಮಾಡಿದ್ದು ನಾನೇ.

ಕುರಿ ಕಾಯುವ ಹುಡುಗನಿಗೆ ಯಾವ ನ್ಯೂನತೆಯೂ ಇರಲಿಲ್ಲ, ತಪ್ಪಿಹೋದ ದಿನಗಳಿದ್ದವು. ಚಳ್ಳಕೆರೆ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲೂಕುಗಳಲ್ಲಿ ಒಂದು. ಮೇವು ಮುಗಿದಾಗ ಮಂದೆ ಹೊರಡಲೇಬೇಕು. ಅವನು ವಾಪಸ್ ಬಂದಾಗ ಅನುಪಾತ ಮುಗಿದು ಬೇರೆ ಪಾಠ ನಡೀತಿತ್ತು. ಆದರೂ ಕೇಳಿದೆ, ನೂರು ಕುರಿಗೆ ಆರು ದಿನ ಬರೋ ಮೇವು ನೂರೈವತ್ತು ಕುರಿಗೆ ಎಷ್ಟು ದಿನ? 'ನಾಲ್ಕೇ ದಿನ ಮಿಸ್. ಅರ್ಧ ಮಂದೆ ಜಾಸ್ತಿ ಆಯ್ತಲ್ಲ.' ಏಣಿ ಕಲಿತಿದ್ದ ಉಳಿದವರು ಆಗಲೇ ಒಂಬತ್ತು ಅಂತ ಬರೆದಿದ್ದರು. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗುವ ಜಾಗದಲ್ಲೂ ಏಣಿ ಹತ್ತಿದ್ದರು! ಪುಸ್ತಕದಲ್ಲಿ ವಿಲೋಮ ಅನುಪಾತ ಬರೋದು ಎಂಟನೇ ತರಗತಿಗೆ. ಕುರಿ ಹುಡುಗನಿಂದ ನಮ್ಮಲ್ಲಿ ಆರಕ್ಕೇ ಬಂತು.

ಬೇಗ ಮುಗಿಸಿ ಕಿಟಕಿ ನೋಡುವವಳನ್ನೂ ಮರೆಯಬಾರದು, ಅವಳದೂ ಒಂದು ಅಗತ್ಯವೇ. ಅವಳಿಗೆ ಬಿಸಿಯೂಟದ ಮಾನದಂಡ ಬರೆದುಕೊಟ್ಟೆ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ ಧಾನ್ಯ 100 ಗ್ರಾಂ, ಆರರಿಂದ ಎಂಟಕ್ಕೆ 150. ಬೇಳೆ 20, 30. ತರಕಾರಿ 50, 75. ಎಣ್ಣೆ 5, 7.5. 'ಎಲ್ಲಾ 2:3 ಮಿಸ್' ಅಂತ ಎರಡೇ ನಿಮಿಷಕ್ಕೆ ಬಂದಳು. ಹಾಗಾದರೆ ಇದನ್ನ ನೋಡು ಅಂದೆ. ಸಿಗಬೇಕಾದ ಶಕ್ತಿ 450 ಕ್ಯಾಲೊರಿ, 700 ಕ್ಯಾಲೊರಿ. ಪ್ರೋಟೀನ್ 12 ಗ್ರಾಂ, 20 ಗ್ರಾಂ. ಅವಳು ಬಹಳ ಹೊತ್ತು ಬರಲಿಲ್ಲ. ಕೊನೆಗೆ ಬಂದು ಕೇಳಿದ್ದು ಇದು: 'ಹಾಕೋದೆಲ್ಲಾ ಒಂದೂವರೆ ಪಟ್ಟು. ಅಂದ್ರೆ 675 ಬರ್ಬೇಕು, ಪ್ರೋಟೀನು 18 ಬರ್ಬೇಕು. ಮಿಕ್ಕಿದ್ದು ಎಲ್ಲಿಂದ ಬರುತ್ತೆ ಮಿಸ್?' ನನ್ನ ಹತ್ತಿರ ಉತ್ತರ ಇರಲಿಲ್ಲ. ನಿಮ್ಮಲ್ಲಿ ಯಾರಿಗಾದರೂ ದೆಹಲಿಯಲ್ಲಿ ಕೇಳುವ ಅವಕಾಶ ಸಿಕ್ಕರೆ ಕೇಳಿ.

ಶೇಂಗಾ ವಿಷಯ ಬರದೆ ಚಳ್ಳಕೆರೆಯ ಪಾಠ ಮುಗಿಯೋದಿಲ್ಲ. ಒಂದು ಕಾಲಕ್ಕೆ ಎಣ್ಣೆ ವ್ಯಾಪಾರದಲ್ಲಿ ಎರಡನೇ ಬಾಂಬೆ ಅನ್ನಿಸಿಕೊಂಡ ಊರು. ಪಾಮೋಲಿನ್ ಬಂದ ಮೇಲೆ ಎಷ್ಟೋ ಗಿರಣಿಗಳು ಬಾಗಿಲು ಹಾಕಿದವು, ಶೇಂಗಾ ಹೊಲದಲ್ಲಿ ಉಳಿದಿದೆ. ಜೋಡಿಗೆ ಇಪ್ಪತ್ತು ಕಾಯಿ ಕೊಟ್ಟು ಸುಲಿದು ಕಾಳು ಎಣಿಸಿ ಅಂದರೆ ಒಂದು ಜೋಡಿಗೆ 36, ಇನ್ನೊಂದಕ್ಕೆ 39 ಬರುತ್ತೆ. ಪುಸ್ತಕದ ಅನುಪಾತ ಕರಾರುವಾಕ್ಕು, ಹೊಲದ ಅನುಪಾತ 'ಸುಮಾರು'. ಈ 'ಸುಮಾರು' ಕೂಡ ಕಲಿಯಬೇಕಾದ್ದೇ. ತೂಕದಲ್ಲಿ ಸುಮಾರು ಹತ್ತು ಕೆಜಿ ಕಾಯಿಗೆ ಏಳು ಕೆಜಿ ಕಾಳು, ಆ ಕಾಳಿನಿಂದ ಮೂರು ಕೆಜಿ ಎಣ್ಣೆ, ನಾಲ್ಕು ಕೆಜಿ ಹಿಂಡಿ. ಮಾರುವಾಗ ಒಂದು ಹಿಡಿ ಕಾಯಿ ಸುಲಿದು ಕಾಳು ನೋಡಿ ದರ ಹೇಳ್ತಾರೆ. ನೂರಕ್ಕೆ 70 ಕಾಳು ಬರುವ ಕಾಯಿಗೆ 65 ಅಂದುಬಿಟ್ಟರೆ? ಬರೀ ಐದು ಕಡಿಮೆ ಅಂತ ಕೇಳಿಸುತ್ತೆ. 12 ಕ್ವಿಂಟಲ್ ತಂದ ರೈತನಿಗೆ ಅದು 60 ಕೆಜಿ ಕಾಳು. ಈ ಲೆಕ್ಕ ಮಾಡಿದ ದಿನ ಸಂಜೆ ಒಬ್ಬ ಹುಡುಗ ಅಪ್ಪನ ಹಳೇ ಪಟ್ಟಿ ಹುಡುಕಿಕೊಂಡು ಕೂತಿದ್ದನಂತೆ.

ಈ ಪಾಠ ಗೊತ್ತಿಲ್ಲದಿದ್ದರೆ ಏನು ಹೋಗುತ್ತೆ ಅನ್ನೋರಿಗೆ ಎರಡು ಉದಾಹರಣೆ. ಒಂದು, ಸಾಲ. 12,000 ರೂಪಾಯಿ ಸಾಲ, 'ಬರೀ ನೂರಕ್ಕೆ 12 ಬಡ್ಡಿ', ವರ್ಷಕ್ಕೆ 1,440, ತಿಂಗಳಿಗೆ 1,120ರಂತೆ ಹನ್ನೆರಡು ಕಂತು. ಸರಿಯಾಗೇ ಇದೆ ಅನ್ನಿಸುತ್ತೆ. ಆದರೆ ಆ 12,000 ವರ್ಷಪೂರ್ತಿ ನಿಮ್ಮ ಕೈಯಲ್ಲಿ ಇರೋದಿಲ್ಲ. ತಿಂಗಳಿಗೆ ಸಾವಿರ ಅಸಲು ವಾಪಸ್ ಹೋಗ್ತಾ ಕೊನೆಯ ತಿಂಗಳು ಉಳಿಯೋದು ಒಂದು ಸಾವಿರ. ಸರಾಸರಿ ನೋಡಿದರೆ ನಿಮ್ಮ ಬಳಿ ಇದ್ದದ್ದು 6,500. 6,500ಕ್ಕೆ 1,440 ಅಂದರೆ ನೂರಕ್ಕೆ 22. ಸಾಲ ವಸೂಲಿಯ ಕಿರುಕುಳ ತಡೆಯೋಕೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಕಿರುಕುಳ ಕೊನೆಯಲ್ಲಿ ಬರೋದು. ಮೊದಲು ಬರೋದು 'ಯಾವುದಕ್ಕೆ ಎಷ್ಟು' ಅಂತ ಕೇಳಲಾಗದ ಒಂದು ಸಹಿ.

ಎರಡನೆಯದು ಈ ಸೈಟಿನ ಓದುಗರು ದಿನಾ ಜಗಳ ಆಡುವ ವಿಷಯ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. 2022ರಲ್ಲಿ ರಾಜ್ಯದ ಮೀಸಲಾತಿ ಪರಿಶಿಷ್ಟ ಜಾತಿಗೆ 15ರಿಂದ 17ಕ್ಕೆ, ಪರಿಶಿಷ್ಟ ಪಂಗಡಕ್ಕೆ 3ರಿಂದ 7ಕ್ಕೆ ಏರಿದಾಗ 'ಅವರಿಗೆ ನಾಲ್ಕು, ಇವರಿಗೆ ಎರಡೇ ಯಾಕೆ' ಅನ್ನೋ ಮಾತು ನಾನೇ ಕೇಳಿದ್ದೆ. ಇದು ನಮ್ಮ ಏಳು ಲೋಟದ ತರ್ಕ. 2011ರ ಜನಗಣತಿ ಪ್ರಕಾರ ರಾಜ್ಯದ ಜನಸಂಖ್ಯೆಯಲ್ಲಿ ಪರಿಶಿಷ್ಟ ಜಾತಿ ನೂರಕ್ಕೆ 17.15, ಪರಿಶಿಷ್ಟ ಪಂಗಡ 6.95. ಹಳೆಯ ಲೆಕ್ಕದಲ್ಲಿ ಒಬ್ಬರಿಗೆ ಜನಸಂಖ್ಯೆಗೆ ತಕ್ಕ ಪಾಲಿನ ನೂರಕ್ಕೆ 87ರಷ್ಟು ಸಿಗುತ್ತಿತ್ತು, ಇನ್ನೊಬ್ಬರಿಗೆ ನೂರಕ್ಕೆ 43. 'ಎಷ್ಟು ಜಾಸ್ತಿ ಕೊಟ್ಟರು' ಅನ್ನೋ ಪ್ರಶ್ನೆಗೂ 'ತಕ್ಕ ಪಾಲಿನ ಎಷ್ಟು ಭಾಗ ಸಿಗುತ್ತಿತ್ತು' ಅನ್ನೋ ಪ್ರಶ್ನೆಗೂ ನಡುವೆ ಇರುವ ದೂರ ಇಷ್ಟು. ಐವತ್ತರ ಮಿತಿಯ ಕಾನೂನು ಜಗಳ ಬೇರೆ, ಅದನ್ನ ಬಲ್ಲವರು ಬರೆಯಲಿ. ನಾನು ಹೇಳ್ತಿರೋದು ಆರನೇ ತರಗತಿಯ ಲೆಕ್ಕವನ್ನಷ್ಟೇ.

ಇನ್ನು ನಮ್ಮದೇ ಅನುಪಾತ. 2021ರ ಅಕ್ಟೋಬರ್ 28ರಂದು ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ವಿಶೇಷ ಶಿಕ್ಷಕರ ಅನುಪಾತ ಹೇಳಿತು. ಪ್ರಾಥಮಿಕ ಹಂತದಲ್ಲಿ ಹತ್ತು ಮಕ್ಕಳಿಗೆ ಒಬ್ಬರು, ಅದರ ಮೇಲೆ ಹದಿನೈದಕ್ಕೆ ಒಬ್ಬರು. ಮರುವರ್ಷ ಕೇಂದ್ರ ಸರ್ಕಾರ ಇದನ್ನ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಗೆ ಸೇರಿಸಿತು. 2025ರ ಮಾರ್ಚ್‌ನಲ್ಲಿ ಹುದ್ದೆ ಸೃಷ್ಟಿಸಿ ಅಂತ ರಾಜ್ಯಗಳಿಗೆ ಕೋರ್ಟು ಮತ್ತೆ ಹೇಳಬೇಕಾಯಿತು. ನಾನು ಕಂಡ ವಿಶೇಷ ಶಿಕ್ಷಕರು ಒಳ್ಳೆಯವರು, ಬೈಕಿನಲ್ಲಿ ಊರೂರು ಸುತ್ತುವವರು. ಅವರು ನಮ್ಮ ಶಾಲೆಗೆ ಬಂದ ದಿನ ಆ ಹುಡುಗನ 51ರ ಸಮಸ್ಯೆ ತೋರಿಸೋಣ ಅಂದರೆ ಅವತ್ತು ಹುಡುಗನೇ ರಜೆ.

ಇಲ್ಲೂ ಅನುಪಾತದ ಒಂದು ಮೋಸ ಇದೆ. ಪಟ್ಟಣದ ದೊಡ್ಡ ಶಾಲೆಯಲ್ಲಿ ಒಂದೇ ಆವರಣದಲ್ಲಿ ಹದಿನೈದು ಮಕ್ಕಳಿದ್ದರೆ 15:1 ಅಂದರೆ ದಿನಾ ಸಿಗುವ ಒಬ್ಬ ಶಿಕ್ಷಕ. ನಮ್ಮ ಕಡೆ ಹಾಗಲ್ಲ. ಈ ಊರಲ್ಲಿ ಇಬ್ಬರು, ಆ ಹಟ್ಟಿಯಲ್ಲಿ ಒಬ್ಬ, ಗಡಿಯಂಚಿನ ಊರಲ್ಲಿ ಮೂವರು. ಹದಿನೈದು ಮಕ್ಕಳು ಎಂಟು ಶಾಲೆಗಳಲ್ಲಿ ಹರಡಿಕೊಂಡಿದ್ದರೂ ಕಾಗದದ ಮೇಲೆ ಅದೇ 15:1. ಶಿಕ್ಷಕರ ಅರ್ಧ ದಿನ ರಸ್ತೆಯಲ್ಲಿ ಕಳೆಯುತ್ತೆ. ಹುದ್ದೆ ಲೆಕ್ಕ ಹಾಕುವವರು ಮಕ್ಕಳ ತಲೆ ಎಣಿಸಿದರೆ ಸಾಲದು, ಊರುಗಳ ನಡುವಿನ ಕಿಲೋಮೀಟರನ್ನೂ ಎಣಿಸಬೇಕು. ಅಲ್ಲಿಯವರೆಗೆ ರಟ್ಟು, ಹುಣಸೆಬೀಜ, ಎರಡು ಬಣ್ಣದ ಪೆನ್ನು ಇಟ್ಟುಕೊಂಡು ನಾವು ಮಾಡುತ್ತಿರೋದು ಮಾಡುತ್ತಲೇ ಇರ್ತೀವಿ. ಆದರೆ ಇದನ್ನ 'ಶಿಕ್ಷಕರ ಸೃಜನಶೀಲತೆ' ಅಂತ ಹೊಗಳಿ ಹುದ್ದೆ ಖಾಲಿ ಬಿಡುವವರ ಜೊತೆ ನನಗೆ ತಕರಾರಿದೆ.

ಮೊನ್ನೆ ಹೊಸ ಆರನೇ ತರಗತಿಗೆ ಅದೇ ಅಕ್ಕಿ ಲೆಕ್ಕ ಕೊಟ್ಟೆ. ಹಾಲಿನ ಪಾಠ, ಏಣಿ ಎಲ್ಲಾ ಆದ ಮೇಲೂ ಮೂವರು ಏಳು ಅಂತಲೇ ಬರೆದಿದ್ದಾರೆ. ನಾಳೆ ನಾಲ್ಕು ಲೋಟ ಅಕ್ಕಿ ಬೇರೆ ತೆಗೆದಿಡಿ ಅಂತ ಅಡುಗೆ ಅಕ್ಕನಿಗೆ ಹೇಳಿ ಬಂದಿದ್ದೀನಿ. ಏಳೇ ಲೋಟ ನೀರು ಹಾಕಿ ನೋಡೋಣ.